ಮಂದ್ರಸ್ವರದ ಸಂತೆ

ಗಣೇಶೋತ್ಸವದ ವಾದ್ಯಗೋಷ್ಠಿಗಳಲ್ಲಿ ಹಾಡುಗಾರರತ್ತ ನೋಡದವರಿಲ್ಲ. ಕೀಬೋರ್ಡು ನುಡಿಸುವವರನ್ನೂ ತಬಲ, ಡ್ರಮ್ಮುಗಳವರನ್ನೂ ಜನ ಗುರುತಿಸುತ್ತಾರೆ. ಆದರೆ ವೇದಿಕೆಯ ಹಿಂಬದಿಯಲ್ಲಿ, ಸ್ಪೀಕರ್ ಪೆಟ್ಟಿಗೆಯ ಮಗ್ಗುಲಲ್ಲಿ, ಉದ್ದ ದಂಡಿಯ ನಾಲ್ಕು ತಂತಿಯ ಗಿಟಾರೊಂದನ್ನು ಹೆಗಲಿಗೆ ತೂಗುಹಾಕಿಕೊಂಡು ಮೌನವಾಗಿ ನಿಂತಿರುವಾತನತ್ತ ಕಣ್ಣು ಹಾಯಿಸುವವರು ವಿರಳ. ಆತ ನುಡಿಸುತ್ತಿರುವಷ್ಟು ಹೊತ್ತು ಆತನ ಇರವೇ ನಮ್ಮ ಅರಿವಿಗೆ ಬಾರದು. ಆತ ನಿಲ್ಲಿಸಿದೊಡನೆ ಮಾತ್ರ, ಮನೆಯ ತಳಪಾಯವನ್ನೇ ಯಾರೋ ಎಳೆದುಕೊಂಡಂತೆ, ಹಾಡು ಪೊಳ್ಳಾಗಿ ಕೇಳುತ್ತದೆ. ಆ ವಾದ್ಯವೇ ಬೇಸ್ ಗಿಟಾರ್. ಗಾನದ ಮಂದ್ರಸ್ಥಾಯಿಯ ಹೊಣೆ ಹೊತ್ತ ವಾದ್ಯ.

ಇಷ್ಟೊಂದು ಸಂಕೋಚದ ಈ ವಾದ್ಯದ ಹಿಂದೆ ಅಮೆರಿಕ, ಇಂಗ್ಲೆಂಡು, ಜಪಾನುಗಳಲ್ಲಿ ದೊಡ್ಡದೊಂದು ಸಂತೆಯೇ ನೆರೆದಿದೆಯೆಂದರೆ ವಾಚಕರಿಗೆ ಅಚ್ಚರಿಯಾದೀತು. 1962ರಲ್ಲಿ ಕ್ಯಾಲಿಫೋರ್ನಿಯದ ಕಾರ್ಖಾನೆಯೊಂದರಿಂದ ಹೊರಬಂದ ಒಂದು ಬೇಸ್ ಗಿಟಾರ್, ಮೂಲರೂಪ ಕೆಡದೆ ಉಳಿದಿದ್ದರೆ, ಇಂದು ಹತ್ತು ಸಾವಿರ ಡಾಲರಿಗೂ ಮಿಕ್ಕಿ ಬೆಲೆ ಬಾಳುತ್ತದೆ. ಅದೇ ಮಾದರಿಯ ಹೊಚ್ಚ ಹೊಸ ವಾದ್ಯ ಅದರ ಒಂದು ಸಣ್ಣ ಪಾಲಿನ ಬೆಲೆಗೆ ಅಂಗಡಿಯಲ್ಲಿ ಸಿಕ್ಕುತ್ತಿರುವಾಗಲೇ ಈ ಸೋಜಿಗ! ಬಣ್ಣ ಉದುರಿದ, ಬಿರಡೆ ತುಕ್ಕು ಹಿಡಿದ, ಯಾರದೋ ಮೊಣಕೈ ಉಜ್ಜಿ ಉಜ್ಜಿ ಮರ ಕಾಣುವಂತಾದ ವಾದ್ಯಕ್ಕೆ ಜನ ಇಷ್ಟೊಂದು ಹಣ ಸುರಿಯುವುದೇಕೆ? ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಸಂಗೀತ, ಬಡಗಿತನ, ವಿದ್ಯುಚ್ಛಾಸ್ತ್ರ, ವ್ಯಾಪಾರ, ಕಳ್ಳತನ ಎಲ್ಲವೂ ದಾರಿಯಲ್ಲಿ ಎದುರಾಗುತ್ತವೆ.

ರೇಡಿಯೋ ರಿಪೇರಿಯವನ ಕಾಣಿಕೆ

ಈ ಕಥೆಯ ಮೂಲಪುರುಷ ಲಿಯೋ ಫೆಂಡರ್ (1909–1991). ದಕ್ಷಿಣ ಕ್ಯಾಲಿಫೋರ್ನಿಯದ ಫುಲ್ಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದವನು. ಜಗತ್ತಿನ ಗಿಟಾರ್ ವಾದನದ ಗತಿಯನ್ನೇ ಬದಲಿಸಿದ ಈತನಿಗೆ ಸ್ವತಃ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆದರೆ ನುಡಿಸುವವರ ಕಷ್ಟಗಳನ್ನು ಕಿವಿಗೊಟ್ಟು ಕೇಳುವ ತಾಳ್ಮೆ ಆತನಲ್ಲಿತ್ತು.

ಆ ಕಾಲಕ್ಕೆ ವಾದ್ಯಮೇಳಗಳಲ್ಲಿ ಮಂದ್ರಸ್ವರವನ್ನು ನುಡಿಸುತ್ತಿದ್ದುದು ಡಬಲ್ ಬೇಸ್ ಎಂಬ ಆಳೆತ್ತರದ ಪಿಟೀಲು. ಅದನ್ನು ಊರಿಂದೂರಿಗೆ ಸಾಗಿಸುವುದೇ ಒಂದು ಯಜ್ಞ. ತುತ್ತೂರಿ, ಡ್ರಮ್ಮುಗಳ ಅಬ್ಬರದಲ್ಲಿ ಅದರ ದನಿ ಅಡಗಿಹೋಗುತ್ತಿತ್ತು. ದಂಡಿಯ ಮೇಲೆ ಮೆಟ್ಟಿಲುಗಳಿಲ್ಲದ್ದರಿಂದ ಬೆರಳು ಕೂದಲೆಳೆಯಷ್ಟು ಸರಿದರೂ ಸ್ವರ ಅಪಸ್ವರವಾಗುತ್ತಿತ್ತು. 1951ರಲ್ಲಿ ಫೆಂಡರ್ ಇದಕ್ಕೊಂದು ಪರಿಹಾರ ಕಂಡುಹಿಡಿದ. ಗಟ್ಟಿ ಮರದ ಹಲಗೆಯ ಒಡಲು, ಅದಕ್ಕೆ ನಾಲ್ಕು ತಿರುಪುಗಳಿಂದ ಬಿಗಿದ ಮೇಪಲ್ ಮರದ ದಂಡಿ, ದಂಡಿಯ ಮೇಲೆ ನಮ್ಮ ವೀಣೆಯಲ್ಲಿರುವಂತೆ ಮೆಟ್ಟಿಲುಗಳು, ಕುದುರೆಯಿಂದ ದಂಡಿಯ ತುದಿಯ ಕಚ್ಚಿನವರೆಗೆ 34 ಅಂಗುಲ ಉದ್ದದ ನಾಲ್ಕು ಉಕ್ಕಿನ ತಂತಿಗಳು. ತಂತಿಗಳ ಕೆಳಗೊಂದು ಅಯಸ್ಕಾಂತ. ಅದರ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಕಂಪಿಸಿದರೆ ಕೆಳಗಿನ ಸುರುಳಿಯಲ್ಲಿ ವಿದ್ಯುತ್ತು ಮಿಡಿಯುತ್ತದೆ. ಅದನ್ನು ಆಂಪ್ಲಿಫೈಯರ್ ಹಿಗ್ಗಿಸಿ ಸ್ಪೀಕರಿಗೆ ಕೊಡುತ್ತದೆ. ಮೆಟ್ಟಿಲುಗಳ ದೆಸೆಯಿಂದ ಸ್ವರಸ್ಥಾನ ನಿಖರವಾಯಿತು. ಆದ್ದರಿಂದಲೇ ವಾದ್ಯಕ್ಕೆ ‘ಪ್ರಿಸಿಷನ್ ಬೇಸ್’, ಎಂದರೆ ನಿಖರ ಮಂದ್ರವಾದ್ಯ, ಎಂಬ ಹೆಸರು ಬಂತು.

ಇದಕ್ಕೆ ಮೊದಲೇ, 1930ರ ದಶಕದಲ್ಲಿ, ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ಎಂಬಾತ ಇಂಥದೇ ವಾದ್ಯವನ್ನು ಮಾಡಿದ್ದುಂಟು. ಆದರೆ ಅದು ಜನಪ್ರಿಯವಾಗಲಿಲ್ಲ. ಫೆಂಡರನ ವಾದ್ಯ ಮಾತ್ರ ನಿಂತಿತು, ಬೆಳೆಯಿತು. ಗಿಬ್ಸನ್ ಸಂಸ್ಥೆ 1953ರಲ್ಲಿ ಪಿಟೀಲಿನಾಕಾರದ ಬೇಸನ್ನು ಹೊರತಂದಿತು. ಜರ್ಮನಿಯ ಹಾಫ್ನರ್ 1956ರಲ್ಲಿ ತನ್ನ ಹಗುರವಾದ ಪಿಟೀಲು-ಬೇಸನ್ನೂ, ರಿಕನ್‌ಬ್ಯಾಕರ್ 1957ರಲ್ಲಿ ತನ್ನ ಮಾದರಿಯನ್ನೂ ಮಾರುಕಟ್ಟೆಗಿಟ್ಟವು. 1960ರಲ್ಲಿ ಫೆಂಡರ್ ಎರಡು ಪಿಕಪ್ಪುಗಳುಳ್ಳ, ತುದಿಯಲ್ಲಿ ದಂಡಿ ಕಿರಿದಾದ ‘ಜಾಝ್ ಬೇಸ್’ ತಯಾರಿಸಿದ. ಇಂದಿನ ಸಂತೆಯಲ್ಲಿ ಹೆಚ್ಚಾಗಿ ಕೈ ಬದಲಾಯಿಸುವುದು ಈ ಮನೆತನಗಳ ವಾದ್ಯಗಳೇ.

ಕಾಲವನ್ನು ಸೀಳಿದ ಗೆರೆ

ಹಳೆಯ ವಾದ್ಯಗಳ ವ್ಯಾಪಾರಿಗಳ ಬಾಯಲ್ಲಿ ಮೇಲಿಂದ ಮೇಲೆ ಕೇಳಿಬರುವ ಮಾತು ‘ಪ್ರಿ-ಸಿ.ಬಿ.ಎಸ್.’ ಎಂಬುದು. 1965ರ ಜನವರಿಯಲ್ಲಿ ಫೆಂಡರ್ ತನ್ನ ಸಂಸ್ಥೆಯನ್ನು ಕೊಲಂಬಿಯ ಬ್ರಾಡ್‌ಕಾಸ್ಟಿಂಗ್ ಸಿಸ್ಟಂ ಎಂಬ ರೇಡಿಯೋ-ಟೆಲಿವಿಷನ್ ಸಂಸ್ಥೆಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದ. ಆ ದಿನಕ್ಕೆ ಮೊದಲು ತಯಾರಾದದ್ದು ‘ಮುಂಚಿನದು’, ಆಮೇಲಿನದು ‘ತರುವಾಯದ್ದು’. ಬೆಲೆಯ ಏಣಿಯಲ್ಲಿ ಎರಡಕ್ಕೂ ಬಹಳ ಅಂತರ.

ಆಲೋಚಿಸಿ ನೋಡಿದರೆ ಇದರಲ್ಲಿ ಸತ್ಯವೂ ಇದೆ, ಭ್ರಮೆಯೂ ಇದೆ. ಮಾರಾಟದ ಮರುದಿನ ಕಾರ್ಖಾನೆಗೆ ಬಂದವರು ಅದೇ ಕೆಲಸಗಾರರು. ಕೈಗೆ ತೆಗೆದುಕೊಂಡದ್ದು ದಾಸ್ತಾನಿನಲ್ಲಿದ್ದ ಅದೇ ಮರ, ಅದೇ ತಂತಿ. ಹೊಸ ಯಜಮಾನರು ಉತ್ಪಾದನೆಯನ್ನು ಹೆಚ್ಚಿಸುತ್ತ ಹೋದಂತೆ ಗುಣ ಕ್ರಮೇಣ ಇಳಿಯಿತೇ ಹೊರತು ಒಂದೇ ರಾತ್ರಿಯಲ್ಲಿ ಅಲ್ಲ. 1965ರ ಒಂದು ಒಳ್ಳೆಯ ವಾದ್ಯ 1964ರ ಒಂದು ಸಾಧಾರಣ ವಾದ್ಯಕ್ಕಿಂತ ಇಂಪಾಗಿರಬಹುದು. ಆದರೂ ಸಂತೆಗೆ ಗೆರೆ ಬೇಕು; ಗೆರೆ ಎಳೆದ ಮೇಲೆ ಬೆಲೆ ಅದಕ್ಕೆ ವಿಧೇಯವಾಗಿ ನಡೆಯುತ್ತದೆ. ಇನ್ನೊಂದು ವಿನೋದ: 1985ರಲ್ಲಿ ಆ ದೊಡ್ಡ ಸಂಸ್ಥೆ ಫೆಂಡರ್ ಕಂಪನಿಯನ್ನು ಅದರ ನೌಕರರ ಒಂದು ಗುಂಪಿಗೇ ಮಾರಿತು. ಸಿಕ್ಕಿದ ಹಣ 1 ಕೋಟಿ 25 ಲಕ್ಷ ಡಾಲರು. ಫುಲ್ಲರ್ಟನ್ನಿನ ಕಟ್ಟಡಗಳು ಆ ಮಾರಾಟದಲ್ಲಿ ಸೇರಿರಲಿಲ್ಲವೆಂಬುದು ನಿಜ. ಆದರೂ ಇಪ್ಪತ್ತು ವರ್ಷ ಇಟ್ಟುಕೊಂಡದ್ದು ಕೊಂಡದ್ದಕ್ಕಿಂತ ಕಡಮೆಗೆ ಹೋಯಿತು. ಆ ಕಂಪನಿ ಮಾಡಿದ ವಾದ್ಯಗಳೋ, ಮನೆಯ ಅಟ್ಟದಲ್ಲಿ ಮಲಗಿದ್ದಲ್ಲಿಯೇ ಹತ್ತಾರು ಪಟ್ಟು ಬೆಲೆ ಪಡೆದವು.

ಕಾಲನಿರ್ಣಯದ ಶಾಸ್ತ್ರ

ನಮ್ಮ ಸಾಹಿತ್ಯಚರಿತ್ರೆಯಲ್ಲಿ ಕವಿಯ ಕಾಲವನ್ನು ನಿರ್ಣಯಿಸಲು ಆಂತರಿಕ ಪ್ರಮಾಣ, ಬಾಹ್ಯ ಪ್ರಮಾಣ ಎಂದು ಎರಡು ಬಗೆಯ ಆಧಾರಗಳನ್ನು ಹುಡುಕುತ್ತೇವೆ. ಹಳೆಯ ಬೇಸ್ ಗಿಟಾರನ್ನು ಕೊಳ್ಳುವ ಜಾಣನೂ ಇದನ್ನೇ ಮಾಡುತ್ತಾನೆ.

ಹೊರಗಿನ ಪ್ರಮಾಣವೆಂದರೆ ಒಡಲಿನ ಬೆನ್ನಿಗಿರುವ ಲೋಹದ ಪಟ್ಟಿಯ ಮೇಲಿನ ಸಂಖ್ಯೆ. ಹೊಸಬರು ಮೊದಲು ನೋಡುವುದೂ ಇದನ್ನೇ, ಮೋಸಹೋಗುವುದೂ ಇದರಿಂದಲೇ. ಕಾರ್ಖಾನೆಯಲ್ಲಿ ಈ ಪಟ್ಟಿಗಳು ಪೆಟ್ಟಿಗೆಯಲ್ಲಿ ಬಿದ್ದಿರುತ್ತಿದ್ದವು; ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ವಾದ್ಯಕ್ಕೆ ಬಿಗಿಯುತ್ತಿದ್ದರು. ಆದ್ದರಿಂದ ಸಂಖ್ಯೆಗಳು ವರ್ಷಾನುಕ್ರಮದಲ್ಲಿ ನೆಟ್ಟಗೆ ಸಾಗುವುದಿಲ್ಲ. ಅಲ್ಲದೆ ನಾಲ್ಕು ತಿರುಪು ಬಿಚ್ಚಿದರೆ ಪಟ್ಟಿ ಕೈಗೆ ಬರುತ್ತದೆ. ಫೆಂಡರನ ಜಾಣ್ಮೆಯೇ ಇಲ್ಲಿ ತೊಡಕಾಗಿದೆ. ಸುಲಭವಾಗಿ ರಿಪೇರಿಯಾಗಲೆಂದು ಆತ ಪ್ರತಿಯೊಂದು ಭಾಗವನ್ನೂ ಬಿಚ್ಚಿ ಜೋಡಿಸುವಂತೆ ರೂಪಿಸಿದ. ಅದರಿಂದಾಗಿ 1962ರ ದಂಡಿ, 1968ರ ಒಡಲು, ನಿನ್ನೆ ಮೊನ್ನೆಯ ಪಿಕಪ್ಪುಗಳನ್ನು ಕೂಡಿಸಿ ‘ಪೂರ್ಣ ಮೂಲವಾದ್ಯ’ವೆಂದು ಮಾರುವುದಕ್ಕೆ ಒಂದು ತಿರುಪುಳಿ ಸಾಕಾಗಿದೆ.

ಒಳಗಿನ ಪ್ರಮಾಣಗಳಿಗೆ ದಂಡಿಯನ್ನು ಬಿಚ್ಚಬೇಕು. ಅದರ ಬುಡದಲ್ಲಿ, 1962ರ ಆರಂಭದವರೆಗೆ ಸೀಸದ ಕಡ್ಡಿಯಿಂದಲೂ ಆಮೇಲೆ ರಬ್ಬರಿನ ಮೊಹರಿನಿಂದಲೂ, ತಯಾರಾದ ಕಾಲವನ್ನು ಗುರುತಿಸಿರುತ್ತಾರೆ. ಮೊಹರಿನಲ್ಲಿ ಮೊದಲು ಬರುವ ಅಂಕಿಯನ್ನು ತಾರೀಖೆಂದು ಓದುವವರು ಬಹಳ. ಅದು ನಿಜವಾಗಿ ಮಾದರಿಯ ಸಂಕೇತ. ಕೊನೆಯ ಅಕ್ಷರ ದಂಡಿಯ ಅಗಲವನ್ನು ಸೂಚಿಸುತ್ತದೆ. ಇನ್ನು ದನಿಯನ್ನು ಏರಿಳಿಸುವ ಗುಬುಟಿನ ಕೆಳಗಿನ ಡಬ್ಬಿಯ ಬೆನ್ನಿಗೆ ಅಂಕಿಗಳ ಒಂದು ಸಾಲಿರುತ್ತದೆ. ‘1376612’ ಎಂದಿದ್ದರೆ ಮೊದಲ ಮೂರು ಅಂಕಿ ಅದನ್ನು ತಯಾರಿಸಿದ ಕಂಪನಿಯ ಗುರುತು, ಮುಂದಿನ ಎರಡು 1966ನೆಯ ವರ್ಷ, ಕೊನೆಯ ಎರಡು ಆ ವರ್ಷದ 12ನೆಯ ವಾರ. ಈ ಡಬ್ಬಿ ಮೂಲದ್ದೇ ಆಗಿದ್ದರೆ ವಾದ್ಯ ಆ ವಾರಕ್ಕಿಂತ ಹಳೆಯದಾಗಿರಲಾರದು. ಹೊಸದಾಗಿರಬಹುದು, ಏಕೆಂದರೆ ಡಬ್ಬಿಗಳು ಉಗ್ರಾಣದಲ್ಲಿ ಎಷ್ಟೋ ಕಾಲ ಬಿದ್ದಿರುತ್ತಿದ್ದವು. ಬೆಸುಗೆಯನ್ನು ಯಾರಾದರೂ ಮುಟ್ಟಿದ್ದರೆ ಅದೂ ಬಲ್ಲವರ ಕಣ್ಣಿಗೆ ಬೀಳುತ್ತದೆ.

ಬಣ್ಣದ್ದು ಬೇರೆಯೇ ಪುರಾಣ. ಆ ಕಾಲದ ನೈಟ್ರೋಸೆಲ್ಯುಲೋಸ್ ಮೆರುಗು ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ, ಸಣ್ಣ ಸಣ್ಣ ಬಿರುಕುಗಳ ಬಲೆ ಹೆಣೆಯುತ್ತದೆ. ಬಿಳಿಯಾಗಿದ್ದದ್ದು ಕೆನೆಯಾಗಿ, ನೀಲಿಯಾಗಿದ್ದದ್ದು ಹಸಿರಾಗಿ ಕಾಣುತ್ತದೆ. ವಿಶೇಷ ಬಣ್ಣಗಳನ್ನು ಮೋಟಾರುಕಾರುಗಳ ಬಣ್ಣದ ಡಬ್ಬಿಗಳಿಂದಲೇ ಎರವಲು ತಂದಿದ್ದರು. ಅಂಥ ಬಣ್ಣದ ವಾದ್ಯಗಳು ಕಡಮೆಯಾದ್ದರಿಂದ ಬೆಲೆ ಹೆಚ್ಚು. ಹಳೆಯ ಮೆರುಗಿನ ಮೇಲೆ ನೇರಳಾತೀತ ದೀಪ ಹಿಡಿದರೆ ಹಸುರು ಹಳದಿಯ ಮಂದ ಪ್ರಭೆ ಕಾಣುತ್ತದೆ. ಮೇಲೆ ಹೊಸದಾಗಿ ಬಳಿದ ಜಾಗ ಬೇರೆಯಾಗಿ ತೋರುತ್ತದೆ. ಒಮ್ಮೆ ಬಣ್ಣ ಬದಲಾಯಿಸಿದ್ದೆಂದು ಗೊತ್ತಾದರೆ, ಎಷ್ಟೇ ಅಂದವಾಗಿರಲಿ, ಬೆಲೆ ಅರ್ಧಕ್ಕೆ ಇಳಿಯುತ್ತದೆಂಬುದು ಸಂತೆಯ ಹಳೆಯ ಲೆಕ್ಕ.

ಕೊಡುವವರು, ಕೊಳ್ಳುವವರು

ಈ ಸಂತೆಯ ಹಳೆಯ ಯಜಮಾನರಲ್ಲಿ ನ್ಯಾಷ್‌ವಿಲ್ ನಗರದ ಜಾರ್ಜ್ ಗ್ರೂನ್ ಒಬ್ಬರು. 1970ರಲ್ಲಿ ಅಂಗಡಿ ತೆರೆದ ಅವರು ವಾಲ್ಟರ್ ಕಾರ್ಟರ್ ಜೊತೆಗೂಡಿ 1991ರಲ್ಲಿ ಪ್ರಕಟಿಸಿದ ಮಾರ್ಗದರ್ಶಿ ಈ ಕ್ಷೇತ್ರದವರಿಗೆ ಪಂಚಾಂಗವಿದ್ದಂತೆ. ಲಂಡನ್ನಿನ ಡೆನ್ಮಾರ್ಕ್ ಸ್ಟ್ರೀಟ್, ಒಂದು ಕಾಲಕ್ಕೆ ನ್ಯೂಯಾರ್ಕಿನ 48ನೆಯ ಬೀದಿ, ಇವು ವಾದ್ಯದಂಗಡಿಗಳ ಸಾಲಿಗೆ ಹೆಸರಾದ ಕೇರಿಗಳು. ಟೆಕ್ಸಾಸಿನ ಡಲ್ಲಾಸಿನಲ್ಲಿ 1970ರ ದಶಕದಲ್ಲಿ ಮೊದಲಾದ ಗಿಟಾರ್ ಜಾತ್ರೆಯಲ್ಲಿ ಕೊಳ್ಳುವವರು, ಮಾರುವವರು, ಬದಲಾಯಿಸಿಕೊಳ್ಳುವವರು ಒಂದೇ ಸೂರಿನಡಿ ಕೂಡುತ್ತಾರೆ. ಅಂತರ್ಜಾಲ ಬಂದ ಮೇಲೆ ಮನೆಯಲ್ಲಿ ಕುಳಿತೇ ವ್ಯವಹಾರ ಮಾಡುವವರು ಹೆಚ್ಚಿದ್ದಾರೆ. ಆದರೆ ದಂಡಿಯನ್ನು ಕೈಯಲ್ಲಿ ಹಿಡಿಯದೆ ಅದರ ಬಾಗು ತಿಳಿಯದು.

ಗೃಹಸ್ಥರಿಗೆ ಲೆಕ್ಕ ತಿಳಿಯಲೆಂದು ಒಂದು ಉದಾಹರಣೆ. ಅಂಗಡಿಯಲ್ಲಿ 10,000 ಡಾಲರಿಗೆ ಮಾರಿಹೋಗುವ ವಾದ್ಯವನ್ನು ಅದರ ಒಡೆಯ ನಗದಿಗೆ ಕೊಡಬಯಸಿದರೆ ವ್ಯಾಪಾರಿ ಸಾಮಾನ್ಯವಾಗಿ ಐದಾರು ಸಾವಿರ ಹೇಳುತ್ತಾನೆ. ಆತನ ಬಂಡವಾಳ ಎಷ್ಟು ತಿಂಗಳು ಗೋಡೆಗೆ ನೇತಾಡುವುದೋ ಬಲ್ಲವರಾರು? ನಗದು ಬೇಡ, ಅಂಗಡಿಯಿಂದ ಬೇರೆ ವಾದ್ಯವನ್ನು ಬದಲಿಗೆ ಕೊಡಿರೆಂದರೆ ಇನ್ನಷ್ಟು ಏರಿಸಿ ಲೆಕ್ಕ ಹಿಡಿಯುತ್ತಾನೆ. ಅತ್ತ ಕೊಡುವ ವಾದ್ಯದಲ್ಲಿ ಆತನ ಲಾಭ ಸೇರಿಯೇ ಇರುತ್ತದೆ. ಮೂರನೆಯದು, ವಾದ್ಯವನ್ನು ಅಂಗಡಿಯಲ್ಲಿಟ್ಟು ಮಾರಾಟವಾದ ಮೇಲೆ ಹಣ ಪಡೆಯುವುದು. ದಳ್ಳಾಳಿ ನೂರಕ್ಕೆ ಇಪ್ಪತ್ತಾದರೆ ಒಡೆಯನಿಗೆ 8,000 ಉಳಿಯುತ್ತದೆ. ಆದರೆ ಕಾಯುವ ತಾಳ್ಮೆ ಬೇಕು. ಈ ಮೂರರಲ್ಲಿ ಯಾವುದೂ ಅನ್ಯಾಯವಲ್ಲ. ಅನ್ಯಾಯವಾಗುವುದು ಒಡೆಯನಿಗೆ ವಸ್ತುವಿನ ಬೆಲೆಯೇ ಗೊತ್ತಿಲ್ಲದಾಗ.

ಹೀಗಾಗುವುದು ಅಪರೂಪವೇನಲ್ಲ. ಯೌವನದಲ್ಲಿ ಮೇಳದಲ್ಲಿ ನುಡಿಸುತ್ತಿದ್ದ ತಂದೆ ತೀರಿಕೊಳ್ಳುತ್ತಾನೆ. ಮಕ್ಕಳಿಗೆ ಸಂಗೀತ ಬಾರದು. ಮನೆ ಖಾಲಿ ಮಾಡುವಾಗ ಮಂಚದಡಿಯ ಪೆಟ್ಟಿಗೆಯಲ್ಲಿ ಹಳೆಯ ಗಿಟಾರೊಂದು ಸಿಕ್ಕುತ್ತದೆ. ‘ನೂರು ಡಾಲರು ಕೊಡುತ್ತೇನೆ’ ಎಂಬ ಪರೋಪಕಾರಿಯೊಬ್ಬ ಹೇಗೋ ಮೂಗಿಗೆ ವಾಸನೆ ಬಡಿದು ಬಾಗಿಲಿಗೆ ಬಂದಿರುತ್ತಾನೆ. ಕೊಟ್ಟವನು ಕೋಡಂಗಿ, ಈಸಿಕೊಂಡವನು ವೀರಭದ್ರ! ಬಲ್ಲವರು ಇಂಥ ಕುಟುಂಬಗಳಿಗೆ ಹೇಳುವ ಬುದ್ಧಿಮಾತು ನಾಲ್ಕೇ. ಒರೆಸಿ ತೊಳೆದು ಹೊಳಪು ಕೊಡಬೇಡಿ. ಮುರಿದ ಭಾಗವನ್ನೂ ಎಸೆಯಬೇಡಿ. ಹಳೆಯ ಪೆಟ್ಟಿಗೆ, ರಸೀತಿ, ಭಾವಚಿತ್ರಗಳನ್ನು ಜೊತೆಗಿಡಿ. ಒಬ್ಬರಿಗೆ ಬದಲು ಮೂವರಿಗೆ ತೋರಿಸಿ. ಅಂಗಡಿಯ ರಸೀತಿಯ ಒಂದು ಚೂರು, ವೇದಿಕೆಯ ಮೇಲೆ ಆ ವಾದ್ಯ ಹಿಡಿದು ನಿಂತಿರುವ ಒಂದು ಮಾಸಿದ ಚಿತ್ರ, ಇವು ಅದರ ಜಾತಕವಿದ್ದಂತೆ.

ವಾಲ್ವಿನ ಪೆಟ್ಟಿಗೆಗಳು

ವಾದ್ಯದೊಡನೆ ಅದರ ದನಿವರ್ಧಕಕ್ಕೂ ಗಿರಾಕಿಗಳಿದ್ದಾರೆ. ಫೆಂಡರನ ‘ಬೇಸ್‌ಮನ್’ 1952ರಲ್ಲಿ ಹೊರಬಂತು. ನಾಲ್ಕು ಸ್ಪೀಕರುಗಳುಳ್ಳ ಅದರ 1959ರ ರೂಪ ಬೇಸಿಗಿಂತ ಹೆಚ್ಚಾಗಿ ಸಾಧಾರಣ ಗಿಟಾರಿನವರಿಗೇ ಪ್ರಿಯವಾಯಿತು. ಲಂಡನ್ನಿನ ಜಿಮ್ ಮಾರ್ಷಲ್ ಅಂಗಡಿಯಲ್ಲಿ ತಯಾರಾದ ಮೊದಲ ಆಂಪ್ಲಿಫೈಯರಿಗೆ ಅದೇ ಮೇಲ್ಪಂಕ್ತಿ. ಅಂಪೆಗ್ ಸಂಸ್ಥೆ 1960ರಲ್ಲಿ ತಂದ ‘ಪೋರ್ಟಾಫ್ಲೆಕ್ಸ್’ ಪೆಟ್ಟಿಗೆಯ ಮುಚ್ಚಳವನ್ನು ತಿರುವಿದರೆ ಅದರ ವಾಲ್ವುಗಳೆಲ್ಲ ಪೆಟ್ಟಿಗೆಯೊಳಗೆ ಅಡಗುತ್ತಿದ್ದವು. ಧ್ವನಿಮುದ್ರಣಶಾಲೆಗಳಿಗೆ ಅದು ಅಚ್ಚುಮೆಚ್ಚು. ಅದೇ ಸಂಸ್ಥೆಯ 1969ರ ‘ಎಸ್.ವಿ.ಟಿ.’ 300 ವಾಟಿನ ದೈತ್ಯ. ಅದನ್ನು ಎತ್ತಲು ಇಬ್ಬರು ಬೇಕು.

ಇಂಥ ಪೆಟ್ಟಿಗೆಯನ್ನು ಅಮೆರಿಕದಿಂದ ತರಿಸಿಕೊಳ್ಳುವ ಉತ್ಸಾಹಿಗಳಿಗೆ ಎರಡು ಎಚ್ಚರಿಕೆಗಳು. ಅಲ್ಲಿಯ ಮನೆಗಳ ವಿದ್ಯುತ್ತು ಸುಮಾರು 120 ವೋಲ್ಟು, ನಮ್ಮಲ್ಲಿ 230. ತಕ್ಕ ಟ್ರಾನ್ಸ್‌ಫಾರ್ಮರ್ ಇಲ್ಲದೆ ಚುಚ್ಚಿದರೆ ಅರವತ್ತು ವರ್ಷ ಬಾಳಿದ ಪೆಟ್ಟಿಗೆ ಒಂದು ಕ್ಷಣದಲ್ಲಿ ಹೊಗೆಯಾದೀತು. ಎರಡನೆಯದು ಪ್ರಾಣದ ಮಾತು: ವಾಲ್ವಿನ ಯಂತ್ರಗಳ ಒಳಗಿನ ಕೆಪಾಸಿಟರುಗಳು, ತಂತಿಯನ್ನು ಗೋಡೆಯಿಂದ ಕಿತ್ತ ಮೇಲೂ, ನೂರಾರು ವೋಲ್ಟುಗಳನ್ನು ಹಿಡಿದಿಟ್ಟುಕೊಂಡಿರಬಲ್ಲವು. ಬಲ್ಲ ಮೆಕ್ಯಾನಿಕ್ಕಲ್ಲದೆ ಮತ್ತಾರೂ ಬಿಚ್ಚಬಾರದು.

ಬೀಟೆಯ ನಂಟು

ದೂರದೇಶದ ಈ ಸಂತೆಗೂ ನಮ್ಮ ಮಲೆನಾಡಿಗೂ ಒಂದು ನಂಟಿದೆ. ದಂಡಿಯ ಮೇಲೆ ಬೆರಳಾಡುವ ಹಲಗೆಗೆ 1959ರಿಂದ ಫೆಂಡರ್ ಕರಿಮರವನ್ನು ಬಳಸತೊಡಗಿದ. ಮೊದಮೊದಲು ಬಳಸಿದ್ದು ಬ್ರೆಜಿಲ್ ದೇಶದ ಬೀಟೆ. ಅದು ದುರ್ಲಭವಾಗುತ್ತ ಬಂದಂತೆ ಅದರ ಜಾಗವನ್ನು ತುಂಬಿದ್ದು ಭಾರತದ ಬೀಟೆ. ಮೈಸೂರಿನ ಕುಸುರಿಗಾರರು ದಂತದ ಹಾಗೂ ಬಣ್ಣದ ಮರದ ಚೂರುಗಳನ್ನು ಕೂಡಿಸಿ ಚಿತ್ರ ಬಿಡಿಸುತ್ತಿದ್ದ ಆ ನಮ್ಮ ಪಶ್ಚಿಮ ಘಟ್ಟದ ಮರವೇ. ಬ್ರೆಜಿಲಿನದು ಹೋಗಿ ಭಾರತದ್ದು ಬಂತಲ್ಲಾ ಎಂದು ಸಂಗ್ರಾಹಕರು ಮೂಗು ಮುರಿಯುವುದುಂಟು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮಗೆ. ಅವರಿಗೆ ಕಡಲಾಚೆಯ ನಮ್ಮ ಗಿಡವೂ ಮದ್ದಲ್ಲ! ನುಡಿಸುವವರ ಬೆರಳಿಗಾದರೋ ಎರಡರ ನಡುವಣ ಅಂತರ ಬಲು ಸೂಕ್ಷ್ಮ.

ಬ್ರೆಜಿಲಿನ ಬೀಟೆ ವಿನಾಶದ ಅಂಚಿಗೆ ಬಂದುದರಿಂದ 1992ರಲ್ಲಿ ಅದನ್ನು ಅಂತರರಾಷ್ಟ್ರೀಯ ಒಪ್ಪಂದದ ಅತ್ಯಂತ ಬಿಗಿಯಾದ ಪಟ್ಟಿಗೆ ಸೇರಿಸಲಾಯಿತು. ಅದಕ್ಕೆ ಎಷ್ಟೋ ವರ್ಷ ಮೊದಲು ತಯಾರಾದ ವಾದ್ಯವಾದರೂ ಸರಿ, ಆ ಮರದ ಹಲಗೆಯಿದ್ದರೆ ಗಡಿ ದಾಟಿಸಿ ಮಾರಲು ದಾಖಲೆ ಪತ್ರಗಳು ಬೇಕು. 2017ರ ಜನವರಿಯಲ್ಲಿ ನಮ್ಮ ಬೀಟೆಯೂ ಸೇರಿ ಆ ಕುಲದ ಎಲ್ಲ ಮರಗಳಿಗೂ ನಿಯಂತ್ರಣ ಬಂತು. ವಾದ್ಯಗಾರರ ಗೋಳು ಕೇಳಿ, 2019ರ ಕೊನೆಯಲ್ಲಿ ಬ್ರೆಜಿಲಿನದನ್ನು ಬಿಟ್ಟು ಉಳಿದ ಬೀಟೆಗಳಿಂದಾದ ಸಿದ್ಧವಾದ್ಯಗಳಿಗೆ ವಿನಾಯಿತಿ ದೊರೆಯಿತು. ಪತ್ರವಿಲ್ಲದ ವಾದ್ಯವನ್ನು ಸುಂಕದ ಕಟ್ಟೆಯಲ್ಲಿ ಕಳೆದುಕೊಳ್ಳುವ ಭಯ ನಿಜವಾದದ್ದು. ಆದರೆ ಕಾಡೇ ಇಲ್ಲವಾದರೆ ದಂಡಿಯೆಲ್ಲಿಯದು, ದನಿಯೆಲ್ಲಿಯದು?

ಕಳವಾದ ಮೂರು ವಾದ್ಯಗಳು

ಬೆಲೆಯ ಮಾತು ಬಹಳವಾಯಿತು. ಈ ಸಂತೆಯಲ್ಲಿ ಬೆಲೆಗೆ ನಿಲುಕದ್ದು ಏನೆಂಬುದನ್ನು ಮೂರು ವಾದ್ಯಗಳ ಕಥೆ ಹೇಳುತ್ತದೆ.

ಇಂಗ್ಲೆಂಡಿನ ಬೀಟಲ್ಸ್ ಮೇಳದ ಪಾಲ್ ಮೆಕಾರ್ಟ್ನಿ 1961ರಲ್ಲಿ, ಇನ್ನೂ ಹೆಸರಿಲ್ಲದ ಹುಡುಗನಾಗಿ ಜರ್ಮನಿಯ ಹಾಂಬರ್ಗಿನಲ್ಲಿ ನುಡಿಸುತ್ತಿದ್ದಾಗ, ಸುಮಾರು 30 ಪೌಂಡು ಕೊಟ್ಟು ಹಾಫ್ನರ್ ಪಿಟೀಲು-ಬೇಸನ್ನು ಕೊಂಡರು. ಎಡಗೈಯವರಾದ ಅವರಿಗೆ ಎಡಬಲ ಸಮನಾದ ಆ ಆಕಾರ ಒಪ್ಪುವಂತಿತ್ತು. ಮೇಳದ ಮೊದಲ ಧ್ವನಿಮುದ್ರಿಕೆಗಳಲ್ಲಿ ಕೇಳುವುದು ಅದರ ದನಿಯೇ. 1972ರಲ್ಲಿ ಲಂಡನ್ನಿನ ನಾಟಿಂಗ್ ಹಿಲ್ ಪ್ರದೇಶದಲ್ಲಿ ವ್ಯಾನಿನಿಂದ ಅದು ಕಳವಾಯಿತು. ಅರ್ಧ ಶತಮಾನ ಸುಳಿವಿಲ್ಲ. ಕೆಲವರು ಕೂಡಿ ಪತ್ತೆಕಾರ್ಯ ನಡೆಸಿ, ಸಾರ್ವಜನಿಕರಲ್ಲಿ ಮನವಿ ಮಾಡಿದ ಮೇಲೆ ಅದು ದಕ್ಷಿಣ ಇಂಗ್ಲೆಂಡಿನ ಒಂದು ಮನೆಯ ಅಟ್ಟದಲ್ಲಿ ಪತ್ತೆಯಾಯಿತು. ವಾದ್ಯ ಒಡೆಯನ ಕೈ ಸೇರಿದ ವಾರ್ತೆ 2024ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಅದು ಹರಾಜಿಗೆ ಬಂದಿದ್ದರೆ ಎಷ್ಟು ಹಣ ತರುತ್ತಿತ್ತೋ! ಮರಳಿದ್ದು ಮಾತ್ರ ಅದನ್ನು ನುಡಿಸಿದ ಕೈಗೇ.

ಎರಡನೆಯದು ಜಾಕೋ ಪಾಸ್ಟೋರಿಯಸ್ ಅವರ 1962ರ ಜಾಝ್ ಬೇಸ್. ಅದರ ಮೆಟ್ಟಿಲುಗಳನ್ನು ಕಿತ್ತು, ಸಂದುಗಳಿಗೆ ಮೆತ್ತಿ, ದೋಣಿಗಳಿಗೆ ಬಳಿಯುವ ಗಟ್ಟಿ ರಾಳವನ್ನು ಹಲಗೆಗೆ ಬಳಿಯಲಾಗಿತ್ತು. ಸಂಗ್ರಾಹಕರ ಶಾಸ್ತ್ರದಂತೆ ಇದಕ್ಕಿಂತ ದೊಡ್ಡ ಅಪಚಾರವಿಲ್ಲ. ಇಂಥದನ್ನು ಯಾರೋ ಅನಾಮಧೇಯ ತಂದರೆ ಅಂಗಡಿಯಾತ ಬೆಲೆಯನ್ನು ಕಾಲುಭಾಗಕ್ಕೆ ಇಳಿಸಿಯಾನು. ಆದರೆ ಆ ಮೆಟ್ಟಿಲಿಲ್ಲದ ದಂಡಿಯಿಂದ ಜಾಕೋ ಹೊರಡಿಸಿದ ನಾದ, ಮನುಷ್ಯನ ಕೊರಳಿನಂತೆ ಜಾರುತ್ತ ಕೊಂಕುತ್ತ, 1976ರಿಂದಾಚೆಗೆ ಆ ವಾದ್ಯದ ವ್ಯಾಕರಣವನ್ನೇ ತಿದ್ದಿ ಬರೆಯಿತು. 1986ರಲ್ಲಿ, ಮನೋವ್ಯಾಧಿಯಿಂದ ನರಳುತ್ತ ನ್ಯೂಯಾರ್ಕಿನಲ್ಲಿ ಅಲೆಯುತ್ತಿದ್ದ ಅವರಿಂದ ಅದು ಕಳವಾಯಿತು. ಮರುವರ್ಷವೇ, 35ನೆಯ ವಯಸ್ಸಿಗೆ ಅವರು ತೀರಿಕೊಂಡರು. ಇಪ್ಪತ್ತು ವರ್ಷಗಳ ಮೇಲೆ ವಾದ್ಯ ನ್ಯೂಯಾರ್ಕಿನಲ್ಲೇ ಒಬ್ಬ ವ್ಯಾಪಾರಿಯ ಕೈಯಲ್ಲಿ ಕಾಣಿಸಿಕೊಂಡಿತು. ಅದು ಯಾರದೆಂಬ ವ್ಯಾಜ್ಯ ಎದ್ದಾಗ, 2010ರಲ್ಲಿ ಮೆಟಾಲಿಕಾ ಮೇಳದ ರಾಬರ್ಟ್ ಟ್ರುಹಿಯೋ ಹಣ ತೆತ್ತು ಅದನ್ನು ಬಿಡಿಸಿ, ಜಾಕೋ ಕುಟುಂಬದ ಹಕ್ಕು ಉಳಿಯುವಂತೆ ಮಾಡಿದರು.

ಮೂರನೆಯದು ಡೆಟ್ರಾಯಿಟಿನ ಜೇಮ್ಸ್ ಜೇಮರ್ಸನ್ ಅವರ 1962ರ ಪ್ರಿಸಿಷನ್ ಬೇಸ್. ಮೋಟೌನ್ ಸಂಸ್ಥೆಯ 1960ರ ದಶಕದ ನೂರಾರು ಗೀತೆಗಳಿಗೆ ಅಡಿಪಾಯ ಹಾಕಿದವರು ಇವರು. ತಂತಿ ಕಡಿದ ಹೊರತು ಬದಲಾಯಿಸುತ್ತಿರಲಿಲ್ಲ. ಹೆಚ್ಚಾಗಿ ಒಂದೇ ಬೆರಳಿನಿಂದ ಮೀಟುತ್ತಿದ್ದರು. ಆದರೆ 1971ರವರೆಗೆ ಆ ಧ್ವನಿಮುದ್ರಿಕೆಗಳ ಲಕೋಟೆಗಳ ಮೇಲೆ ಇವರ ಹೆಸರೇ ಇರಲಿಲ್ಲ. ಜಗತ್ತೆಲ್ಲ ಇವರ ನಾದಕ್ಕೆ ಕುಣಿಯಿತು, ನುಡಿಸಿದವರಾರೆಂದು ಕೇಳಲಿಲ್ಲ. 1983ರಲ್ಲಿ, ಸಾಯುವುದಕ್ಕೆ ಕೆಲವೇ ದಿನ ಮುಂಚೆ, ಆ ವಾದ್ಯ ಇವರ ಮನೆಯಿಂದ ಕಳವಾಯಿತು. ವಯಸ್ಸು 47. 2000ದಲ್ಲಿ ರಾಕ್ ಸಂಗೀತದ ಕೀರ್ತಿಭವನದಲ್ಲಿ ಇವರ ಹೆಸರು ಸೇರಿತು. ವಾದ್ಯ ಇಂದಿಗೂ ಸಿಕ್ಕಿಲ್ಲ.

ಯಾರ ಸೊತ್ತು?

ಸಂತೆಯಲ್ಲಿ ಎರಡು ಪಂಗಡಗಳಿವೆ. ಒಂದು ನುಡಿಸುವವರದು, ಅವರು ಮಾಸಿದ, ಬಣ್ಣ ಬಳಿದ, ಭಾಗ ಬದಲಾದ ವಾದ್ಯವನ್ನು ಅರ್ಧ ಬೆಲೆಗೆ ಕೊಂಡು ಸಂಜೆಯೇ ವೇದಿಕೆ ಹತ್ತುತ್ತಾರೆ. ಇನ್ನೊಂದು ಕೂಡಿಡುವವರದು, ಇವರಿಗೆ ಗೀರಿಲ್ಲದ, ಮುಟ್ಟದ, ಪೆಟ್ಟಿಗೆಯಿಂದ ತೆಗೆಯದ ವಾದ್ಯ ಬೇಕು. ಕೂಡಿಡುವವರನ್ನು ಹಳಿಯುವುದು ಸುಲಭ, ಆದರೆ ಸರಿಯಲ್ಲ. 1970ರ ದಶಕದಲ್ಲಿ ಹೊಸತನದ ಹುಚ್ಚಿನಲ್ಲಿ ಜನ ಹಳೆಯ ವಾದ್ಯಗಳನ್ನು ಕೊರೆದು, ಕೆತ್ತಿ, ಬಣ್ಣ ಕೆರೆದು ಹಾಳುಮಾಡುತ್ತಿದ್ದಾಗ ಕೆಲವನ್ನಾದರೂ ಹಾಗೆಯೇ ಉಳಿಸಿದವರು ಇವರು. ದಿ ಹೂ ಮೇಳದ ಜಾನ್ ಎಂಟ್‌ವಿಸಲ್ ನುಡಿಸುವವರೂ ಹೌದು, ಕೂಡಿಡುವವರೂ ಹೌದು. 2002ರಲ್ಲಿ ಅವರು ತೀರಿಕೊಂಡ ಮೇಲೆ, ಮರುವರ್ಷ ಸಾದಬೀಸ್ ಸಂಸ್ಥೆ ಅವರ ಸಂಗ್ರಹವನ್ನು ಲಂಡನ್ನಿನಲ್ಲಿ ಹರಾಜು ಹಾಕಿತು. ಎಲ್ಲರ ಕಣ್ಣು ಸೆಳೆದವುಗಳಲ್ಲಿ ಒಂದು, 1967ರಲ್ಲಿ ಮುರಿದ ಹಲವು ಪ್ರಿಸಿಷನ್ ಬೇಸುಗಳ ಭಾಗಗಳನ್ನು ಕೂಡಿಸಿ ಅವರು ಮಾಡಿಕೊಂಡಿದ್ದ, ‘ಫ್ರಾಂಕೆನ್‌ಸ್ಟೈನ್’ ಎಂದು ಹೆಸರಿಟ್ಟಿದ್ದ ಹರಕುಮುರುಕಿನ ವಾದ್ಯ. ಮೂಲರೂಪವೇ ಸರ್ವಸ್ವವೆಂಬ ಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಪ್ರತ್ಯುತ್ತರ ಬೇಕೆ?

ಬೆಲೆ ಏರುತ್ತಲೇ ಇರುವುದೆಂಬ ನಂಬಿಕೆಗೂ ಆಧಾರವಿಲ್ಲ. 2008ರ ಆರ್ಥಿಕ ಕುಸಿತದಲ್ಲಿ, ಸಾಲ ಮಾಡಿ ಹಳೆಯ ವಾದ್ಯಗಳಲ್ಲಿ ಹಣ ಹೂಡಿದ್ದವರು ಕೈಸುಟ್ಟುಕೊಂಡರು. ನುಡಿಸುವುದಕ್ಕೆಂದು ಕೊಂಡಿದ್ದವರಿಗೆ ಮಾತ್ರ ನಷ್ಟವಾಗಲಿಲ್ಲ. ಬೆಲೆ ಇಳಿದ ದಿನವೂ ತಂತಿ ಅಷ್ಟೇ ಇಂಪಾಗಿ ನುಡಿಯಿತು.

ನಮ್ಮ ಮನೆಗಳಲ್ಲಿಯೂ ಅಜ್ಜಿಯ ವೀಣೆ, ಮುತ್ತಜ್ಜನ ಪಿಟೀಲು ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿರುವುದುಂಟು. ಅದನ್ನು ಮಾರುವುದೂ ತಪ್ಪಲ್ಲ, ಇಟ್ಟುಕೊಳ್ಳುವುದೂ ತಪ್ಪಲ್ಲ. ಮಾರುವುದಾದರೆ ಅದರ ಚರಿತ್ರೆಯನ್ನೂ ಬರೆದು ಜೊತೆಗೆ ಕೊಡಬೇಕು; ಇಟ್ಟುಕೊಳ್ಳುವುದಾದರೆ ಆಗೊಮ್ಮೆ ಈಗೊಮ್ಮೆ ಶ್ರುತಿ ಮಾಡಿ ಯಾರಾದರೂ ಮೀಟಬೇಕು. ಕೊಳ್ಳುವವರಿಗೂ ಒಂದು ಕರ್ತವ್ಯವುಂಟು. ಬೆಲೆ ಎಷ್ಟೆಂದು ಕೇಳುವ ಮೊದಲು, ಇದು ಯಾರದು, ನಿಮ್ಮ ಕೈಗೆ ಹೇಗೆ ಬಂತು ಎಂದು ಕೇಳಬೇಕು. 1983ರಿಂದೀಚೆಗೆ ಜೇಮರ್ಸನ್ನರ ವಾದ್ಯ ಎಷ್ಟು ಕೈ ಬದಲಾಯಿಸಿತೋ! ಆ ಕೈಗಳಲ್ಲಿ ಒಬ್ಬರಾದರೂ ಈ ಎರಡು ಪ್ರಶ್ನೆಗಳನ್ನು ಕೇಳಿದ್ದರೆ, ತಂದೆ ನುಡಿಸಿದ ತಂತಿಯನ್ನು ಅವರ ಮಕ್ಕಳು ಒಮ್ಮೆ ಮೀಟಿ ನೋಡುತ್ತಿದ್ದರು.